ಪರೀಕ್ಷೆಗೆಂದು ತೆರೆದ ಬಾಗಿಲು: ಸಂದೇಶ ತಂತ್ರಾಂಶವೊಂದರಿಂದ ಉದ್ದಿಮೆದಾರರಿಗೆ ಪಾಠ

ಉದ್ದಿಮೆ ಸಂಸ್ಥೆಗಳು ತಮ್ಮದೇ ಆದ ಮೊಬೈಲ್ ತಂತ್ರಾಂಶಗಳನ್ನು ಸಿದ್ಧಪಡಿಸಿಕೊಳ್ಳುವುದು ಈಗ ಸಾಮಾನ್ಯ ಸಂಗತಿಯಾಗಿದೆ. ತಯಾರಕರು ‘ಪರೀಕ್ಷೆ ಮುಗಿದಿದೆ’ ಎಂದು ತಿಳಿಸಿದೊಡನೆ ಕೊನೆಯ ಕಂತನ್ನು ಪಾವತಿಸುವ ಪರಿಪಾಠವೂ ಇದೆ. ಪರೀಕ್ಷಿಸಿದ್ದು ಏನನ್ನು, ಯಾವ ಮಾರ್ಗದಿಂದ, ಅದಕ್ಕೆ ದಾಖಲೆ ಏನು ಎಂದು ವಿಚಾರಿಸುವವರು ವಿರಳ. ಈ ವಿಷಯವನ್ನು ಅರಿಯಲು ‘ಸ್ಟೇಟಸ್’ ಎಂಬ ಸಂದೇಶ ತಂತ್ರಾಂಶದ ಉದಾಹರಣೆ ಉಪಯುಕ್ತವಾಗಿದೆ. ವಾಟ್ಸ್‌ಆ್ಯಪ್‌ನಲ್ಲಿ ಕಾಣುವ ಸ್ಟೇಟಸ್‌ಗೂ ಇದಕ್ಕೂ ಸಂಬಂಧವಿಲ್ಲ.

ಹಿನ್ನೆಲೆ

ಈ ತಂತ್ರಾಂಶದಲ್ಲಿ ಸಂದೇಶ ವಿನಿಮಯದ ಜೊತೆಗೆ ಇಥೀರಿಯಂ ಜಾಲದ ವಾಲೆಟ್ ಕೂಡ ಇದೆ. ಖಾತೆ ತೆರೆಯುವುದು, ಕೀಲಿಗಳನ್ನು ಕಾಪಾಡುವುದು, ಸಂದೇಶವನ್ನು ಗೂಢಲಿಪಿಗೆ ಪರಿವರ್ತಿಸುವುದು ಮೊದಲಾದ ಕಾರ್ಯಗಳು ಬಳಕೆದಾರರ ಸಾಧನದೊಳಗೇ ನಡೆಯುತ್ತವೆ. ಅವುಗಳನ್ನು ನಿರ್ವಹಿಸುವುದು ಗೋ ಭಾಷೆಯಲ್ಲಿ ಬರೆದ ‘ಸ್ಟೇಟಸ್-ಗೋ’ ಎಂಬ ಲೈಬ್ರರಿ. ಲೈಬ್ರರಿ ಎಂದರೆ ಇಲ್ಲಿ ಗ್ರಂಥಾಲಯವಲ್ಲ. ಇತರ ತಂತ್ರಾಂಶಗಳು ಕರೆದು ಬಳಸಿಕೊಳ್ಳುವ ಸಿದ್ಧ ಕ್ರಮವಿಧಿಗಳ ಸಂಗ್ರಹ. ಮೊಬೈಲ್ ಮತ್ತು ಡೆಸ್ಕ್‌ಟಾಪ್ ಆವೃತ್ತಿಗಳೆರಡೂ ಇದನ್ನೇ ಅವಲಂಬಿಸಿವೆ. ಪರದೆಯು ಅಂಗಡಿಯ ಮುಂಗಟ್ಟೆಯಾದರೆ, ಲೈಬ್ರರಿಯು ಒಳಗಿನ ಲೆಕ್ಕಪತ್ರ ವಿಭಾಗ.

ಪರದೆಯ ಗುಂಡಿಗಳನ್ನು ಒತ್ತಿ ನಡೆಸುವ ಪರೀಕ್ಷೆ ನಿಧಾನವಾದುದು. ಅಲ್ಲದೆ, ವಿಫಲವಾದಾಗ ದೋಷ ಮುಂಗಟ್ಟೆಯದೋ ಒಳವಿಭಾಗದ್ದೋ ಎಂಬುದು ಸುಲಭವಾಗಿ ತಿಳಿಯದು.

ಕಾರ್ಯವಿಧಾನ

ಇದಕ್ಕೆ ಪರಿಹಾರವಾಗಿ ‘ಸ್ಟೇಟಸ್-ಬ್ಯಾಕೆಂಡ್’ ಎಂಬ ಸಾಧನವನ್ನು ರೂಪಿಸಲಾಗಿದೆ. ಇದು ಲೈಬ್ರರಿಯ ಕ್ರಮವಿಧಿಗಳನ್ನು ಎಚ್‌ಟಿಟಿಪಿ ಮೂಲಕ, ಅಂದರೆ ಜಾಲತಾಣಗಳು ಬಳಸುವ ವಿನಿಮಯ ನಿಯಮದ ಮೂಲಕ, ಲಭ್ಯವಾಗಿಸುತ್ತದೆ. ಪರೀಕ್ಷಕನು ನಿಗದಿತ ವಿಳಾಸಕ್ಕೆ ಕೋರಿಕೆಯನ್ನು ಕಳುಹಿಸಿ ಖಾತೆ ತೆರೆಯಬಹುದು, ಪ್ರವೇಶ ಪಡೆಯಬಹುದು, ಸಂದೇಶ ರವಾನಿಸಬಹುದು. ಎರಡು ಬ್ಯಾಕೆಂಡ್‌ಗಳನ್ನು ಪ್ರತ್ಯೇಕವಾಗಿ ಚಾಲನೆಗೊಳಿಸಿ, ಒಂದರಿಂದ ಹೊರಟ ಸಂದೇಶ ಇನ್ನೊಂದನ್ನು ತಲುಪಿತೇ ಎಂದು ನೋಡಬಹುದು. ವಾಲೆಟ್ ಪರೀಕ್ಷೆಗೆ ‘ಆನ್ವಿಲ್’ ಎಂಬ ಸ್ಥಳೀಯ ಮಾದರಿ ಜಾಲವನ್ನು ಬಳಸಲಾಗುತ್ತದೆ; ಅಲ್ಲಿ ನೈಜ ಹಣವಿರುವುದಿಲ್ಲ.

ಇದರ ದೊಡ್ಡ ಲಾಭ ದಾಖಲೆ. ಕೋರಿಕೆ ಮತ್ತು ಉತ್ತರ ಎರಡೂ ಲಿಖಿತ ರೂಪದಲ್ಲಿರುವುದರಿಂದ ಅವನ್ನು ವೋಚರ್‌ಗಳಂತೆ ಕಾದಿರಿಸಿ, ಅದೇ ಪರೀಕ್ಷೆಯನ್ನು ಮರುದಿನ ಬೇರೊಬ್ಬರು ನಡೆಸಿ ತಾಳೆ ನೋಡಬಹುದು.

ಸ್ವೀಕೃತಿ ಬೇರೆ, ಫಲಿತಾಂಶ ಬೇರೆ

ಎಚ್‌ಟಿಟಿಪಿಯಲ್ಲಿ 200 ಎಂಬ ಸಂಕೇತ ಯಶಸ್ಸನ್ನು ಸೂಚಿಸುತ್ತದೆ. ಆದರೆ ಇಲ್ಲಿ ಕೋರಿಕೆ ತಲುಪಿ ಉತ್ತರ ಬಂದಿತೆಂಬುದಷ್ಟೇ ಅದರ ಅರ್ಥ. ಉತ್ತರದೊಳಗಿನ ‘ಎರರ್’ ಎಂಬ ಅಂಕಣವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ಪ್ರವೇಶದಂತಹ ಕಾರ್ಯಗಳ ಅಂತಿಮ ಫಲಿತಾಂಶವಂತೂ ವೆಬ್‌ಸಾಕೆಟ್ ಎಂಬ ಬೇರೆ ಮಾರ್ಗದಲ್ಲಿ, ‘ಸಿಗ್ನಲ್’ ರೂಪದಲ್ಲಿ, ತರುವಾಯ ಬರುತ್ತದೆ. ಬ್ಯಾಂಕಿನಲ್ಲಿ ಚೆಕ್ ಜಮಾ ಮಾಡಿದಾಗ ದೊರೆಯುವ ಮೊಹರು ಹಾಕಿದ ಚೀಟಿ ಹಣ ಜಮೆಯಾದುದಕ್ಕೆ ಸಾಕ್ಷಿಯಲ್ಲ. ಪಾಸ್‌ಬುಕ್ಕಿನ ನಮೂದೇ ಸಾಕ್ಷಿ. ಕೇವಲ 200ನ್ನು ಎಣಿಸಿ ಸಿದ್ಧಪಡಿಸಿದ ಪರೀಕ್ಷಾ ವರದಿ ಇಂತಹ ಚೀಟಿಗಳ ಕಂತೆಯಷ್ಟೇ.

ಅಪಾಯ

ಪರೀಕ್ಷೆಯ ಅನುಕೂಲಕ್ಕೆಂದು ತೆರೆದ ಬಾಗಿಲಿಗೆ ಬಹುತೇಕ ಬೀಗವಿರುವುದಿಲ್ಲ. 127.0.0.1 ಎಂಬ ವಿಳಾಸದಲ್ಲಿ ತೆರೆದರೆ ಅದೇ ಗಣಕಯಂತ್ರದೊಳಗಿನವರಿಗೆ ಮಾತ್ರ ಪ್ರವೇಶ, 0.0.0.0 ಎಂದು ನಮೂದಿಸಿದರೆ ಆ ಯಂತ್ರದ ಎಲ್ಲ ಜಾಲಸಂಪರ್ಕಗಳಿಗೂ ಬಾಗಿಲು ತೆರೆಯುತ್ತದೆ. ಪ್ರವೇಶದ ಕೋರಿಕೆಯಲ್ಲಿ ಗುಪ್ತಪದವಿರುತ್ತದೆ. ಎಚ್‌ಟಿಟಿಪಿಯು ಅದನ್ನು ಮರೆಮಾಚದೆ ಸಾಗಿಸುತ್ತದೆ. ಇಂತಹ ಬಾಗಿಲು ಗ್ರಾಹಕರ ಮಾಹಿತಿಯಿರುವ ಯಂತ್ರದಲ್ಲಿ ಉಳಿದುಬಿಟ್ಟರೆ ಪರಿಣಾಮ ಗಂಭೀರ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರಲ್ಲಿ ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿರುವುದಕ್ಕೆ 250 ಕೋಟಿ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ತಂತ್ರಾಂಶದ ಒಳಭಾಗವನ್ನು ಪರದೆಯಿಂದ ಪ್ರತ್ಯೇಕಿಸಿ ಪರೀಕ್ಷಿಸಲಾಗಿದೆಯೇ ಎಂದು ವಿಚಾರಿಸಬೇಕು.

2. ಕೋರಿಕೆ, ಉತ್ತರ ಹಾಗೂ ಅಂತಿಮ ಫಲಿತಾಂಶ ಮೂರನ್ನೂ ಒಳಗೊಂಡ ದಾಖಲೆಯನ್ನು ಪಡೆಯಬೇಕು.

3. ತಪ್ಪು ಗುಪ್ತಪದ, ಅಪೂರ್ಣ ಮಾಹಿತಿ ಮುಂತಾದ ಸಂದರ್ಭಗಳಲ್ಲಿ ತಂತ್ರಾಂಶವು ನಿರಾಕರಿಸುತ್ತದೆ ಎಂಬುದಕ್ಕೂ ಪುರಾವೆ ಕೇಳಬೇಕು.

4. ಪರೀಕ್ಷೆಗೆ ನೈಜ ಗ್ರಾಹಕರ ಮಾಹಿತಿಯನ್ನು ಒದಗಿಸಬಾರದು.

5. ಪರೀಕ್ಷಾ ಬಾಗಿಲನ್ನು ಬಳಕೆಯ ಆವೃತ್ತಿಯಿಂದ ತೆಗೆದುಹಾಕಲಾಗಿದೆ ಎಂಬ ಲಿಖಿತ ದೃಢೀಕರಣವನ್ನು ಕೊನೆಯ ಕಂತಿನ ಷರತ್ತನ್ನಾಗಿ ಕರಾರಿನಲ್ಲಿ ಸೇರಿಸಬೇಕು.

ಒಳವಿಭಾಗದ ಬಾಗಿಲು ತೆರೆಯದೆ ತಪಾಸಣೆ ಪೂರ್ಣವಾಗದು. ತಪಾಸಣೆ ಮುಗಿದ ಮೇಲೆ ಅದನ್ನು ಮುಚ್ಚಿ, ಮುಚ್ಚಿದ್ದಕ್ಕೆ ದಾಖಲೆ ಇಡುವುದು ಅಷ್ಟೇ ಅಗತ್ಯ. ಕರಾರಿಗೆ ಸಹಿ ಹಾಕುವ ಮುನ್ನವೇ ಈ ಅಂಶಗಳನ್ನು ತಯಾರಕರೊಡನೆ ಚರ್ಚಿಸುವುದು ಸೂಕ್ತ.