ಮಾಲೆಯ ದವನ, ಭಟ್ಟಿಯ ದವನ

ಚೈತ್ರದ ಹುಣ್ಣಿಮೆಗೆ ನಮ್ಮಲ್ಲಿ ದವನದ ಹುಣ್ಣಿಮೆ ಎಂದೇ ಹೆಸರು. ದೇವರಿಗೆ ಏರಿಸಲು, ಮಲ್ಲಿಗೆ-ಕನಕಾಂಬರದ ನಡುವೆ ಮರುಗದ ಜೊತೆ ಸೇರಿಸಿ ಕಟ್ಟಲು ಬೇಕಾದದ್ದು ದವನದ ಎಳೆಯ ಸೊಪ್ಪು. ಹೂವಿನ ಮಂಡಿಗೆ ಬೆಳೆಯುವವರು ಗಿಡ ಬಲಿಯುವ ಮೊದಲೇ ಕೊಯ್ದು ಕಟ್ಟು ಕಟ್ಟುತ್ತಾರೆ. ಮಂಡಿಯಲ್ಲಿ ಬೆಲೆ ಬಿದ್ದ ದಿನ, ‘ಉಳಿದದ್ದನ್ನು ಭಟ್ಟಿಗೆ ಹಾಕಿದರಾಯಿತು, ಎಣ್ಣೆಯಾದರೂ ಬರುತ್ತದಲ್ಲ’ ಎಂಬ ಲೆಕ್ಕ ಹಲವರದು. ಈ ಲೆಕ್ಕ ತಪ್ಪುತ್ತದೆ. ಎಣ್ಣೆ ಬರುತ್ತದೆ, ಆದರೆ ಕಡಿಮೆ ಬರುತ್ತದೆ, ಬಂದದ್ದೂ ಖರೀದಿದಾರ ಕೇಳುವ ಎಣ್ಣೆಯಾಗಿರುವುದಿಲ್ಲ. ಬೀಜ ಒಂದೇ ಆದರೂ ಮಾಲೆಯ ದವನ ಒಂದು ಬೆಳೆ, ಎಣ್ಣೆಯ ದವನ ಇನ್ನೊಂದು ಬೆಳೆ ಎಂದು ತಿಳಿದೇ ಹೊಲಕ್ಕೆ ಇಳಿಯಬೇಕು.

ಕಾರಣ ಗಿಡದ ಒಳಗಿನ ರಸಾಯನದಲ್ಲಿದೆ. ದವನದ ಸಸ್ಯಶಾಸ್ತ್ರೀಯ ಹೆಸರು ಆರ್ಟಿಮೀಸಿಯ ಪ್ಯಾಲೆನ್ಸ್. ಸೇವಂತಿಗೆ, ಸೂರ್ಯಕಾಂತಿಯ ಕುಟುಂಬದ್ದು. ಇದರ ಎಣ್ಣೆ ಎಲೆ ಮತ್ತು ಹೂವಿನ ಮೇಲ್ಮೈಯ ಸೂಕ್ಷ್ಮ ರೋಮಗ್ರಂಥಿಗಳಲ್ಲಿ ತುಂಬಿರುತ್ತದೆ. ಸೊಪ್ಪನ್ನು ಬೆರಳಲ್ಲಿ ಉಜ್ಜಿದ ಕೂಡಲೇ ಘಮ ಏಳುವುದು ಆ ಗ್ರಂಥಿಗಳು ಒಡೆಯುವುದರಿಂದ. ಹೆಚ್ಚಿನ ಎಣ್ಣೆ ಇರುವುದು ಚಿಕ್ಕ ಹಳದಿ ಹೂಗಳಲ್ಲಿ, ಎಲೆಯಲ್ಲಿ ಅದಕ್ಕಿಂತ ಕಡಿಮೆ, ಕಾಂಡದಲ್ಲಿ ಇಲ್ಲವೆನ್ನುವಷ್ಟು. ಹೂವೇ ಬಿಡದ ಗಿಡವನ್ನು ಭಟ್ಟಿಗೆ ತುಂಬಿದರೆ ಸೌದೆ ಸುಟ್ಟಷ್ಟೇ ಲಾಭ.

ಪ್ರಮಾಣಕ್ಕಿಂತ ಮುಖ್ಯವಾದದ್ದು ಎಣ್ಣೆಯ ಒಳಗೇನಿದೆ ಎಂಬುದು. ದವನದ ಎಣ್ಣೆಯ ಮುಖ್ಯ ಘಟಕ ದವನೋನ್. ಗಿಡದ ಹೆಸರೇ ಅಣುವಿಗೂ ಅಂಟಿಕೊಂಡಿದೆ. ಜಗತ್ತಿನ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ನಮ್ಮ ಪೂಜೆಯ ಸೊಪ್ಪಿನ ಹೆಸರು ಹೀಗೆ ಕೂತಿರುವುದನ್ನು ಕಂಡರೆ ನನಗಂತೂ ಹಿಗ್ಗು. ದವನೋನ್ ಜೊತೆಗೆ ಲಿನಲೂಲ್, ದವನ ಈಥರ್‌ಗಳು, ದವನಫ್ಯುರಾನ್‌ಗಳು, ಸಿನಮೇಟ್‌ಗಳು ಇರುತ್ತವೆ. ಕೆಲವು ಅತ್ಯಲ್ಪ ಪ್ರಮಾಣದಲ್ಲಿದ್ದರೂ ದವನಕ್ಕೆ ಅದರದೇ ಆದ ಹಣ್ಣಿನಂಥ ಪರಿಮಳ ಬರುವುದರಲ್ಲಿ ಅವುಗಳ ಪಾಲು ದೊಡ್ಡದು. ಗಿಡದ ವಯಸ್ಸಿನೊಂದಿಗೆ ಈ ಮಿಶ್ರಣ ಬದಲಾಗುತ್ತದೆ ಎಂಬುದನ್ನು ಸಂಶೋಧಕರು ಹಂತಹಂತವಾಗಿ ಕೊಯ್ದು ನೋಡಿ ಗುರುತಿಸಿದ್ದಾರೆ. ಹೂ ಹೊರಡುವ ಹಂತದಿಂದ ಕಾಳು ಕಟ್ಟುವ ಹಂತಕ್ಕೆ ಹೋಗುತ್ತ ದವನೋನ್ ಮತ್ತು ಲಿನಲೂಲ್ ಇಳಿಯುತ್ತವೆ, ಸಿನಮೇಟ್‌ಗಳು, ದವನ ಈಥರ್ ಮುಂತಾದವು ಏರುತ್ತವೆ. ತೀರ ಬೇಗ ಕೊಯ್ದರೆ ಎಣ್ಣೆಯೇ ಕಡಿಮೆ. ತಡಮಾಡಿದರೆ ದವನೋನ್ ಕಡಿಮೆ. ಬಹುಪಾಲು ಗಿಡಗಳಲ್ಲಿ ಹೂ ಅರಳತೊಡಗಿದ ಆ ಕೆಲವು ದಿನಗಳೇ ಕಟಾವಿನ ದಿನಗಳು. ‘ಬೀಜವೂ ಆಗಲಿ, ಎಣ್ಣೆಯೂ ಆಗಲಿ’ ಎಂದು ಹೊಲವನ್ನೆಲ್ಲ ನಿಲ್ಲಿಸಿಕೊಳ್ಳಬೇಡಿ. ಬೀಜಕ್ಕೆಂದು ಒಂದೆರಡು ಮಡಿ ಬೇರೆ ಬಿಟ್ಟರೆ ಸಾಕು.

ಆ ದಿನಗಳು ಫೆಬ್ರುವರಿ ಕೊನೆ, ಮಾರ್ಚ್ ಮೊದಲ ಭಾಗಕ್ಕೆ ಬೀಳಬೇಕಾದರೆ ನವೆಂಬರ್ ಮೊದಲ ವಾರದ ಹೊತ್ತಿಗೆ ಬೀಜ ಬಿದ್ದಿರಬೇಕು; ಬೆಳೆ ಸುಮಾರು 110-115 ದಿನದ್ದು. ಬೀಜ ಬಹಳ ಸಣ್ಣದು, ಒಂದು ವರ್ಷ ದಾಟಿದರೆ ಮೊಳೆಯುವ ಶಕ್ತಿ ಕುಸಿಯುತ್ತದೆ, ಹಾಗಾಗಿ ಆ ವರ್ಷದ ಹೊಸ ಬೀಜವೇ ಆಗಬೇಕು. ಎರಡು ದಿನ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಮರಳು ಬೆರೆಸಿ ಮಡಿಗೆ ಚೆಲ್ಲುವುದು ರೂಢಿ. ನೀರು ನಿಲ್ಲುವ ಮಡಿಯಲ್ಲಿ ಸಸಿ ಬುಡ ಕೊಳೆತು ಸಾಯುತ್ತದೆ. ಬಿತ್ತನೆ ತಡವಾದರೆ ಬಿಸಿಲೇರಿದ ಮೇಲೆ ಗಿಡ ಗಿಡ್ಡವಿರುವಾಗಲೇ ಹೂವಿಗೆ ಬಂದುಬಿಡುತ್ತದೆ. ಹೂವಿನ ಕಾಲದಲ್ಲಿ ಮಳೆ ಬಂದರೆ ನಷ್ಟ. ಕೋಲಾರ, ಬೆಂಗಳೂರು, ತುಮಕೂರಿನ ಕಡೆಯ ಒಣ ಚಳಿ ಇದಕ್ಕೆ ಒಗ್ಗಿರುವುದು ಇದೇ ಕಾರಣಕ್ಕೆ. ಉಳಿದ ಬೇಸಾಯ, ಗೊಬ್ಬರ, ಕಳೆ ಎಲ್ಲ ಸೊಪ್ಪಿನ ಬೆಳೆ ಮಾಡಿದವರಿಗೆ ಹೊಸದಲ್ಲ.

ಕೊಯ್ದ ಗಿಡವನ್ನು ಒಟ್ಟಬೇಡಿ. ಒಟ್ಟಿದರೆ ಒಳಗೆ ಕಾವೇರಿ ಬೂಸಲು ಬರುತ್ತದೆ. ನೆರಳಲ್ಲಿ ತೆಳುವಾಗಿ ಹರಡಿ ತೇವ ಇಳಿಸಿದರೆ ಅದೇ ಭಟ್ಟಿಗೆ ಹೆಚ್ಚು ಸೊಪ್ಪು ಹಿಡಿಯುತ್ತದೆ, ಸೌದೆಯೂ ಉಳಿಯುತ್ತದೆ. ಬಿಸಿಲಲ್ಲಿ ಒಣಗಿಸಿದರೆ ಎಣ್ಣೆಯ ಹಗುರ ಭಾಗ ಗಾಳಿಪಾಲು. ಗ್ರಂಥಿಗಳು ಮೇಲ್ಮೈಯಲ್ಲೇ ಇವೆ ಎಂದೆನಲ್ಲ. ಹೂ ಉದುರುವ ಹಾಗೆ ಎತ್ತಿ ಕುಕ್ಕುವುದೂ ಬೇಡ.

ಈಗ ಭಟ್ಟಿ. ದವನೋನ್ ಒಂದನ್ನೇ ಕುದಿಸಿ ಆವಿ ಮಾಡಬೇಕೆಂದರೆ 200 ಡಿಗ್ರಿಗೂ ಮೀರಿದ ಶಾಖ ಬೇಕು, ಅಷ್ಟರಲ್ಲಿ ಅದು ಕೆಟ್ಟೇ ಹೋದೀತು. ನೀರಿನ ಹಬೆ ಜೊತೆಯಾದಾಗ ಎರಡರ ಆವಿಯ ಒತ್ತಡವೂ ಕೂಡಿ 100 ಡಿಗ್ರಿಯ ಒಳಗೇ ಎಣ್ಣೆ ಮೇಲೇಳುತ್ತದೆ. ಹಬೆ ಭಟ್ಟಿಯ ಗುಟ್ಟು ಇಷ್ಟೆ. ಆದರೆ ಎಲ್ಲ ಘಟಕಗಳೂ ಒಟ್ಟಿಗೆ ಹೊರಡುವುದಿಲ್ಲ. ಲಿನಲೂಲ್ 10 ಇಂಗಾಲದ ಹಗುರ ಅಣು, ಮೊದಲ ಗಂಟೆಗಳಲ್ಲೇ ಬಂದುಬಿಡುತ್ತದೆ. ದವನೋನ್ 15 ಇಂಗಾಲದ ಭಾರದ ಅಣು, ನಿಧಾನವಾಗಿ ಬರುತ್ತದೆ. ನಿಂಬೆ ಹುಲ್ಲಿಗೆ ಎರಡು-ಮೂರು ಗಂಟೆಯಲ್ಲಿ ಭಟ್ಟಿ ಇಳಿಸಿ ಅಭ್ಯಾಸವಾದವರು ದವನಕ್ಕೂ ಅಷ್ಟಕ್ಕೇ ಬೆಂಕಿ ಆರಿಸಿದರೆ ಬೆಲೆ ತರುವ ಭಾಗವನ್ನು ಸೊಪ್ಪಿನಲ್ಲೇ ಬಿಟ್ಟು ತಿಪ್ಪೆಗೆ ಸುರಿದ ಹಾಗೆ. ಆರರಿಂದ ಎಂಟು ಗಂಟೆ, ಬೇಕಾದರೆ ಇನ್ನೂ ಹೆಚ್ಚು ಹೊತ್ತು ಹಬೆ ಹಾಯಿಸಬೇಕು. ಹೊರಬರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಮೇಲೆ ಎಣ್ಣೆಯ ಕಣ ತೇಲುತ್ತಿರುವವರೆಗೆ ಬೆಂಕಿ ಇರಲಿ. ಇನ್ನೊಂದು ತಾಪತ್ರಯವಿದೆ: ದವನದ ಎಣ್ಣೆ ನೀರಿಗಿಂತ ಸ್ವಲ್ಪವೇ ಹಗುರ. ನಿಂಬೆ ಹುಲ್ಲಿನ ಎಣ್ಣೆಯಂತೆ ಥಟ್ಟನೆ ತೇಲಿ ನಿಲ್ಲುವುದಿಲ್ಲ. ಬೇರ್ಪಡಿಸುವ ಪಾತ್ರೆ ದೊಡ್ಡದಿರಬೇಕು, ನೀರು ಅದರಲ್ಲಿ ನಿಧಾನವಾಗಿ ಹಾದುಹೋಗಬೇಕು. ಆ ನೀರನ್ನು ಚೆಲ್ಲದೆ ಮುಂದಿನ ಸುತ್ತಿಗೆ ಭಟ್ಟಿಗೇ ಹಾಕಿದರೆ ಅದರಲ್ಲಿ ಕರಗಿದ ಎಣ್ಣೆಯೂ ಸ್ವಲ್ಪ ಕೈಸೇರುತ್ತದೆ. ಕಬ್ಬಿಣದ ಭಟ್ಟಿಯ ತುಕ್ಕು ಎಣ್ಣೆಯ ಬಣ್ಣ ಕೆಡಿಸುತ್ತದೆ; ಸ್ಟೇನ್‌ಲೆಸ್ ಸ್ಟೀಲಿನದು ದುಬಾರಿ, ಆದರೆ ಊರಿನ ನಾಲ್ಕು ಮಂದಿ ಸೇರಿ ಮಾಡಿಸಿದರೆ ಖರ್ಚು ಹಗುರವಾಗುತ್ತದೆ.

ಸಿಗುವ ಎಣ್ಣೆ ಒಂದು ಟನ್ ಹಸಿ ಸೊಪ್ಪಿಗೆ ಒಂದರಿಂದ ಎರಡು ಕಿಲೋ. ಎಕರೆಗೆ ನಾಲ್ಕೈದು ಕಿಲೋ ಬಂದರೆ ಒಳ್ಳೆಯ ಬೆಳೆಯೇ. ಇಷ್ಟು ಕಡಿಮೆ ಸರಕಿನಲ್ಲಿ ಗುಣಮಟ್ಟ ತಪ್ಪಿದರೆ ತೂಕದಿಂದ ಸರಿತೂಗಿಸಲು ದಾರಿಯೇ ಇಲ್ಲ. ದವನದ ಎಣ್ಣೆಗೆ ಸುಗಂಧದ್ರವ್ಯ ಮತ್ತು ತಿನಿಸಿನ ಉದ್ಯಮಗಳಲ್ಲಿ ಬೇಡಿಕೆ ಇದೆ, ಆದರೆ ಆ ಪೇಟೆ ಚಿಕ್ಕದು. ಒಂದು ವರ್ಷ ಬೆಲೆ ಏರಿತೆಂದು ಊರಿಗೆ ಊರೇ ಬಿತ್ತಿದರೆ ಮರುವರ್ಷ ಕೇಳುವವರಿರುವುದಿಲ್ಲ. ಕೊಳ್ಳುವವರು ಯಾರೆಂದು ಗೊತ್ತಾದ ಮೇಲೆಯೇ ಬಿತ್ತಿ. ಹೊಸದಾಗಿ ಸುಗಂಧ ಬೆಳೆಗೆ ಇಳಿಯುವವರಿಗೆ ನಾನು ಮೊದಲು ಹೇಳುವುದು ನಿಂಬೆ ಹುಲ್ಲನ್ನು: ಒಮ್ಮೆ ನೆಟ್ಟರೆ ನಾಲ್ಕೈದು ವರ್ಷ, ವರ್ಷಕ್ಕೆ ಹಲವು ಕೊಯ್ಲು, ಒಂದು ಕೊಯ್ಲು ಕೆಟ್ಟರೂ ಇನ್ನೊಂದರಲ್ಲಿ ಕಲಿಯಬಹುದು. ದವನ ವರ್ಷಕ್ಕೆ ಒಂದೇ ಅವಕಾಶ ಕೊಡುತ್ತದೆ.

ಖರೀದಿದಾರರು ಮೂಗಿನಿಂದ ಮೂಸಿ ಬೆಲೆ ಕಟ್ಟುವ ಕಾಲ ಹೋಗಿಲ್ಲ, ಆದರೆ ಮೂಗಿನ ಜೊತೆಗೆ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಯಂತ್ರವೂ ಬಂದಿದೆ. ಹನಿಗಿಂತ ಎಷ್ಟೋ ಕಡಿಮೆ ಎಣ್ಣೆಯನ್ನು ಆವಿ ಮಾಡಿ, ಕೂದಲೆಳೆಯಂಥ ಉದ್ದನೆಯ ಕೊಳವೆಯಲ್ಲಿ ಹಾಯಿಸಿದರೆ ಒಂದೊಂದು ಘಟಕವೂ ಒಂದೊಂದು ಹೊತ್ತಿಗೆ ಹೊರಬಂದು ಕಾಗದದ ಮೇಲೆ ಶಿಖರದಂತೆ ಮೂಡುತ್ತದೆ. ಶಿಖರದ ಹರವು ನೋಡಿ ದವನೋನ್ ಶೇಕಡ ಎಷ್ಟೆಂದು ಹೇಳುತ್ತಾರೆ. ಬೇರೆ ಸುಗಂಧ ಎಣ್ಣೆ ಬೆರೆಸಿದ್ದರೆ ಅದರ ಶಿಖರವೂ ಅಲ್ಲೇ ಕಾಣುತ್ತದೆ. ಇಂಥ ಪರೀಕ್ಷೆಗೆ ಬೆಂಗಳೂರಿನಲ್ಲೇ ಔಷಧಿ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆಯಾದ ಸಿಮ್ಯಾಪ್‌ನ ಸಂಶೋಧನಾ ಕೇಂದ್ರವಿದೆ, ಬೀಜ ಮತ್ತು ಭಟ್ಟಿಯ ಬಗ್ಗೆಯೂ ಅಲ್ಲಿ ವಿಚಾರಿಸಬಹುದು.

ಎಣ್ಣೆಯನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ಇಡಬೇಡಿ. ನೀರಿನಂಶ ಪೂರ್ತಿ ತೆಗೆದು, ಕಂದು ಗಾಜಿನ ಸೀಸೆ ಅಥವಾ ಅಲ್ಯುಮಿನಿಯಂ ಡಬ್ಬದಲ್ಲಿ ಕಂಠದವರೆಗೆ ತುಂಬಿ ತಂಪಾದ ಕತ್ತಲೆಯಲ್ಲಿಡಿ. ಮಾರುವ ಮುನ್ನ ಪ್ರತಿ ಭಟ್ಟಿಯ ಎಣ್ಣೆಯಿಂದಲೂ ಎರಡು ಚಿಕ್ಕ ಸೀಸೆ ತೆಗೆದು, ಕಟಾವಿನ ದಿನ, ಭಟ್ಟಿ ಇಳಿದ ಗಂಟೆಗಳನ್ನು ಬರೆದ ಚೀಟಿ ಅಂಟಿಸಿ. ಒಂದು ಪರೀಕ್ಷೆಗೆ ಹೋಗಲಿ. ಇನ್ನೊಂದು ಮೊಹರು ಹಾಕಿ ನಿಮ್ಮಲ್ಲೇ ಇರಲಿ. ‘ನೀವು ಕೊಟ್ಟ ಎಣ್ಣೆ ಹೀಗಿರಲಿಲ್ಲ’ ಎಂದು ಕೊಂಡವರು ತಗಾದೆ ತೆಗೆದ ದಿನ ಅದು ಬೇಕಾಗುತ್ತದೆ.