ಬ್ರೆಡ್ಡಿನೊಳಗಿನ ಉಪ್ಪು

"ಉಪ್ಪು ಕಡಿಮೆ ಮಾಡಿ" ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರು ಸಾರು, ಪಲ್ಯ ನಿಲ್ಲಿಸಿ ರೋಗಿಗೆ ಹಾಲು-ಬ್ರೆಡ್ ಕೊಡಲಾರಂಭಿಸುವುದುಂಟು. ಬ್ರೆಡ್ ನಾಲಿಗೆಗೆ ಸಪ್ಪೆ, ಕೆಲವೊಮ್ಮೆ ಸಿಹಿ. ಆದ್ದರಿಂದ ಅದರಲ್ಲಿ ಉಪ್ಪಿಲ್ಲವೆಂಬ ಭಾವನೆ. ಈ ಭಾವನೆ ತಪ್ಪು.

ಉಪ್ಪಿನಲ್ಲಿ ಕ್ಯಾಲೊರಿ ಇಲ್ಲ, ಪ್ರೋಟೀನ್ ಇಲ್ಲ, ನಾರಿನಂಶವೂ ಇಲ್ಲ. ಆದರೂ ಅದು ದೇಹಕ್ಕೆ ಬೇಕು. ಅದರ ನೂರಕ್ಕೆ 40 ಭಾಗ ಸೋಡಿಯಂ. ನರ ಮತ್ತು ಸ್ನಾಯುಗಳ ಕೆಲಸಕ್ಕೆ, ದೇಹದ ನೀರಿನ ಸಮತೋಲನಕ್ಕೆ ಇದು ಅವಶ್ಯ. ಅಯೋಡಿನ್ ಬೆರೆಸಿದ ಉಪ್ಪು ಗಳಗಂಡ ರೋಗವನ್ನೂ ತಡೆಯುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದಷ್ಟೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರೋಗಿಗೆ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ಸೋಡಿಯಂ ಹೆಚ್ಚಾದರೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೃದಯ ಅಥವಾ ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಿ ಈ ನೀರು ಸುಲಭವಾಗಿ ಹೊರಹೋಗದು. ಕಾಲು ಬಾಯುತ್ತದೆ, ಬಿ.ಪಿ. ಏರುತ್ತದೆ, ರಾತ್ರಿ ಮಲಗಿದರೆ ದಮ್ಮು ಕಟ್ಟುತ್ತದೆ. ಮಾತ್ರೆ ತಪ್ಪದೆ ಕೊಟ್ಟರೂ ಬಾವು ಇಳಿಯದಿದ್ದರೆ, ರೋಗಿ ಏನೇನು ತಿನ್ನುತ್ತಿದ್ದಾರೆ ಎಂಬುದನ್ನು ವೈದ್ಯರಿಗೆ ಬಿಡದೆ ತಿಳಿಸಿ. ಬ್ರೆಡ್ಡನ್ನೂ ಸೇರಿಸಿ ಹೇಳಿ.

ಇನ್ನು ಬ್ರೆಡ್. 100 ಗ್ರಾಂನಲ್ಲಿ ಸುಮಾರು 250 ಕ್ಯಾಲೊರಿ, 8 ಗ್ರಾಂ ಪ್ರೋಟೀನ್ ಇರುತ್ತದೆ. ಮೈದಾದಿಂದ ಮಾಡಿದ್ದಾದರೆ ನಾರು ಕಡಿಮೆ. ಇದೇ 100 ಗ್ರಾಂನಲ್ಲಿ ಸಾಮಾನ್ಯವಾಗಿ 400ರಿಂದ 500 ಮಿ.ಗ್ರಾಂ ಸೋಡಿಯಂ, ಅಂದರೆ ಒಂದು ಗ್ರಾಂಗೂ ಮೀರಿದ ಉಪ್ಪು ಇರುತ್ತದೆ. ಸುಮಾರು ನಾಲ್ಕು ಸ್ಲೈಸ್ ತಿಂದರೆ ದಿನದ ಪಾಲಿನ ಐದನೆಯ ಒಂದು ಭಾಗ ಮುಗಿದಂತೆ! ಉಪ್ಪು ಹಾಕುವುದು ರುಚಿಗೆ ಮಾತ್ರವಲ್ಲ. ಹಿಟ್ಟಿಗೆ ಬಿಗಿ ಬರಲು, ಅದು ಅತಿಯಾಗಿ ಉಬ್ಬದಿರಲು ಕೂಡ ಬೇಕರಿಯವರಿಗೆ ಅದು ಬೇಕು. ಬನ್, ಖಾರಿ, ಬಿಸ್ಕತ್ತುಗಳಲ್ಲಿಯೂ ಉಪ್ಪಿರುತ್ತದೆ. ಅಡುಗೆ ಸೋಡಾ ಹಾಕಿದ್ದರೆ ಅದರಿಂದಲೂ ಸೋಡಿಯಂ ಸೇರುತ್ತದೆ.

ನಮ್ಮ ಜೋಳದ ರೊಟ್ಟಿಗೆ ಹಿಟ್ಟು, ಬಿಸಿನೀರು ಸಾಕು. ಉಪ್ಪು ಹಾಕದೆಯೂ ಚೆನ್ನಾಗಿ ಆಗುತ್ತದೆ. ಮೈದಾ ಬ್ರೆಡ್ಡಿಗಿಂತ ನಾರೂ ಹೆಚ್ಚು. ರಾಗಿ ಮುದ್ದೆ, ಉಪ್ಪಿಲ್ಲದ ಚಪಾತಿಯೂ ಆದೀತು. ಆದರೆ ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ ಬಡಿಸಿದರೆ ಮಾಡಿದ ಪಥ್ಯವೆಲ್ಲ ವ್ಯರ್ಥ. ರುಚಿಗೆ ನಿಂಬೆರಸ, ಜೀರಿಗೆ, ಕೊತ್ತಂಬರಿ ಬಳಸಿ.

ಸೈಂಧವ ಲವಣವೂ ಸೋಡಿಯಂನದ್ದೇ; ಅದಕ್ಕೆ ರಿಯಾಯಿತಿ ಇಲ್ಲ. ಅಂಗಡಿಯಲ್ಲಿ ಸಿಗುವ "ಲೋ ಸೋಡಿಯಂ" ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆಯಿದ್ದವರಿಗೆ, ಕೆಲವು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ ತರಬಹುದು. ವೈದ್ಯರನ್ನು ಕೇಳದೆ ತರಬೇಡಿ.

ಹಾಗೆಂದು ಉಪ್ಪನ್ನು ಪೂರ್ತಿ ಬಿಡಿಸಲೂ ಹೋಗಬೇಡಿ. ವಾಂತಿ-ಭೇದಿಯಾದಾಗ ದೇಹದಿಂದ ಉಪ್ಪು, ನೀರು ಎರಡೂ ಹೋಗುತ್ತವೆ. ಆಗ ಓ.ಆರ್.ಎಸ್. ಬೇಕಾಗುತ್ತದೆ. ಹೃದಯ, ಮೂತ್ರಪಿಂಡದ ರೋಗಿಗಳಿಗೆ ಅದನ್ನೂ ವೈದ್ಯರನ್ನು ಕೇಳಿಯೇ ಕೊಡಿ.

ಬ್ರೆಡ್ಡೇ ಬೇಕೆಂದು ರೋಗಿ ಹಟ ಮಾಡಿದರೆ ಪ್ಯಾಕೆಟ್ಟಿನ ಮೇಲೆ ಸೋಡಿಯಂ ಎಷ್ಟೆಂದು ನೋಡಿ. ಆ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: 400 ಮಿ.ಗ್ರಾಂ ಸೋಡಿಯಂ ಎಂದರೆ ಒಂದು ಗ್ರಾಂ ಉಪ್ಪು. ಓದಲು ಬಾರದಿದ್ದರೆ ಪ್ಯಾಕೆಟ್ಟನ್ನೇ ತಂದು ವಾರ್ಡಿನ ಸಿಸ್ಟರ್ ಅವರಿಗೆ ತೋರಿಸಿ.