ಕಪಾಟಿನ ಬಾಗಿಲು ತೆಗೆದಾಗ

ನಾಪೋಕ್ಲು
ಜುಲೈ ಎರಡನೇ ವಾರ

ಪ್ರೀತಿಯ ಮಗಳೇ,

ಅಜ್ಜನ ಆಶೀರ್ವಾದ. ಎದುರು ಕೂತು ಹೇಳೋಣವೆಂದರೆ ನೀನು ಕಿವಿಯ ಹೆಡ್‌ಫೋನ್ ತೆಗೆಯುವುದಿಲ್ಲ, ಅದಕ್ಕೇ ಕಾಗದ. ಕಂಪ್ಯೂಟರನ್ನು ಮೇಜಿನ ಕಪಾಟಿಗೆ ತುರುಕಿದ ಮಕ್ಕಳು ಇನ್ನೂ ಇರಬಹುದು ಅಂತ ಪತ್ರಿಕೆಗೂ ಒಂದು ಪ್ರತಿ ಕೊಟ್ಟಿದ್ದೇನೆ. ಬೈಯಬೇಡ.

ಹೋದ ಭಾನುವಾರ ನಿಮ್ಮಲ್ಲಿಗೆ ಬಂದಾಗ ಹಲಸಿನ ಮರದ ಆ ಹೊಸ ಮೇಜು ನೋಡಿ ಖುಷಿಯಾಯಿತು. ಆಚಾರಿಯ ಕೈ ಚೆನ್ನಾಗಿದೆ. ಬೆಕ್ಕು ಹತ್ತದ ಹಾಗೆ, ಬೂಷ್ಟು ಹಿಡಿಯದ ಹಾಗೆ, ಅಮ್ಮನ ಕಣ್ಣಿಗೆ ವೈರು ಬೀಳದ ಹಾಗೆ ಮುಚ್ಚಿದ ಕಪಾಟು. ನೀನು ಆಟ ಶುರು ಮಾಡಿ ಅರ್ಧ ಗಂಟೆಯಾಗಿರಬಹುದು, ಒಳಗಿಂದ ಕಾಫಿ ಪಲ್ಪರ್ ಓಡಿದ ಹಾಗೆ ಸದ್ದು. ಮೆಲ್ಲಗೆ ಬಾಗಿಲು ತೆಗೆದೆ. ಕಡಂಬುಟ್ಟು ಬೇಯಿಸುವ ಹಬೆಪಾತ್ರೆಯ ಮುಚ್ಚಳ ಎತ್ತಿದ ಹಾಗೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ತೆರೆಯ ಮೂಲೆಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಉಷ್ಣ 84 ಅಂತ ಇತ್ತು. ಬಾಗಿಲು ಹಾಗೇ ಬಿಟ್ಟು ನಿಮ್ಮಮ್ಮ ಕೊಟ್ಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ 73. ಫ್ಯಾನಿನ ಕೂಗೂ ಇಳಿದಿತ್ತು. ನೀನು ಮಾತ್ರ, ‘ಇನ್ನೂ ಮೂರು ಫ್ಯಾನ್ ಆರ್ಡರ್ ಮಾಡಿದ್ದೀನಿ ಅಜ್ಜ, ಸರಿ ಹೋಗುತ್ತೆ’ ಅಂದೆ.

ಸರಿ ಹೋಗುವುದಿಲ್ಲ ಮಗಳೇ. ಮುಚ್ಚಿದ ಕಪಾಟಿನೊಳಗೆ ಎಷ್ಟು ಫ್ಯಾನ್ ಹಾಕಿದರೂ ಅವು ಅದೇ ಬಿಸಿಗಾಳಿಯನ್ನು ಸುತ್ತಿಸುತ್ತವೆ. ಹಿಂದಿನಿಂದ ಉಗುಳಿದ್ದನ್ನು ಮುಂದಿನಿಂದ ಮತ್ತೆ ಎಳೆದುಕೊಳ್ಳುವ ಆಟ ಅದು.

ಲೆಕ್ಕ ನೋಡು. ನಿನ್ನ ಆರ್‌ಟಿಎಕ್ಸ್ 4070 ಕಾರ್ಡ್ ಒಂದೇ 200 ವಾಟ್ ತಿನ್ನುತ್ತದೆ. ಪ್ರೊಸೆಸರ್, ಉಳಿದ ಚಿಲ್ಲರೆ ಎಲ್ಲ ಸೇರಿ 350 ಅಂತ ಇಟ್ಟುಕೊ. ಒಳಗೆ ಹೋದ ಕರೆಂಟೆಲ್ಲ ಕೊನೆಗೆ ಬಿಸಿಯೇ ಆಗುತ್ತದೆ, ಆಟದಲ್ಲಿ ನೀನು ಗೆದ್ದರೂ ಸೋತರೂ. ಎರಡಡಿ ಉದ್ದ, ಅಗಲ, ಎತ್ತರದ ಕಪಾಟಿನಲ್ಲಿರುವ ಗಾಳಿಯ ತೂಕ ಕಾಲು ಕೆಜಿಗಿಂತ ಚೂರು ಜಾಸ್ತಿ, ಅಷ್ಟೇ. ಬಿಸಿಯೆಲ್ಲ ಆ ಗಾಳಿಗೇ ಸೇರಿದರೆ ಸೆಕೆಂಡಿಗೆ ಒಂದು ಡಿಗ್ರಿಗೂ ಮೇಲೆ ಏರಬೇಕು. ತಗಡು, ಹಲಗೆ ಒಂದಿಷ್ಟು ಹೀರಿಕೊಳ್ಳುವುದರಿಂದ ನಿನಗೆ ಅರ್ಧ ಗಂಟೆ ಸಿಗುತ್ತಿದೆ. ಕೋಣೆಗಿಂತ ಹತ್ತು ಡಿಗ್ರಿಯಷ್ಟೇ ಹೆಚ್ಚಿರಲಿ ಅಂದರೆ ಎಂಟು ಸೆಕೆಂಡಿಗೊಮ್ಮೆ ಕಪಾಟಿನ ಅಷ್ಟೂ ಗಾಳಿ ಬದಲಾಗಬೇಕು. ಮರ ಬಿಸಿಯನ್ನು ಆಚೆ ಬಿಡುವ ವಸ್ತುವಲ್ಲ; ಸೌಟಿಗೆ ಮರದ ಹಿಡಿ ಹಾಕುವುದು ಅದಕ್ಕೇ ತಾನೆ?

ಯಂತ್ರ ಸುಟ್ಟೇ ಹೋಗುತ್ತದೆ ಅಂತ ಹೆದರಿಸುತ್ತಿಲ್ಲ. ಇಂಟೆಲ್‌ನ ಬಹಳಷ್ಟು ಪ್ರೊಸೆಸರ್‌ಗಳು 100 ಡಿಗ್ರಿಯ ಹತ್ತಿರ, ರೈಜೆನ್ 7000 ಸಾಲಿನ ಹೆಚ್ಚಿನವು 95ರ ಹತ್ತಿರ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಅಂದರೆ ದುಡ್ಡು ಕೊಟ್ಟು ತಂದ ವೇಗವನ್ನು ಕಪಾಟು ನುಂಗುತ್ತಿದೆ.

ನಾನು ಇದನ್ನು ಕಲಿತದ್ದು ಏಲಕ್ಕಿ ಒಣಗಿಸುವ ಗೂಡಿನಲ್ಲಿ. ಒಲೆ ಹೊರಗೆ, ಬಿಸಿ ಕೊಳವೆ ಒಳಗೆ ಕೆಳಗಡೆ, ಅದರ ಮೇಲೆ ಅಂತಸ್ತು ಅಂತಸ್ತಾಗಿ ತಟ್ಟೆಗಳು, ಮಾಡಿನ ಹತ್ತಿರ ಗವಾಕ್ಷಿ. ಕಾಯಿಯಿಂದ ಹಬೆ ಏಳುವಾಗ ಗವಾಕ್ಷಿ ತೆರೆದೇ ಇರಬೇಕು, ಇಲ್ಲದಿದ್ದರೆ ಹಬೆ ಅಲ್ಲೇ ನಿಂತು ಕಾಯಿಯ ಹಸಿರು ಬಣ್ಣ ಕೆಡುತ್ತದೆ. ಒಂದು ರಾತ್ರಿ ಮಳೆಯ ಎರಚಲು ಬರುತ್ತದೆಂದು ಅದನ್ನು ಮುಚ್ಚಿ ಮಲಗಿದೆ. ಬೆಳಿಗ್ಗೆ ಆ ತಟ್ಟೆಗಳನ್ನು ನೋಡಿ ಅಪ್ಪ ಮಾತೇ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹಳೆಯ ವಾಲ್ವ್ ರೇಡಿಯೋದ ಹಿಂಬದಿಯ ರಟ್ಟಿಗೂ ಸಾಲು ಸಾಲು ತೂತು ಇರುತ್ತಿದ್ದವು. ರೇಡಿಯೋವನ್ನು ಗೋಡೆಗೆ ಒತ್ತಿ ಇಟ್ಟವರು ಬೇಗ ರಿಪೇರಿಗೆ ಒಯ್ಯಬೇಕಾಗುತ್ತಿತ್ತು.

ಹಾಗಾಗಿ ಗರಗಸ ತೆಗೆ. ಹಿಂದಿನ ಹಲಗೆಯ ಮೇಲ್ಭಾಗದಲ್ಲಿ 140 ಮಿಲಿಮೀಟರಿನ ಎರಡು ಫ್ಯಾನ್, ಗಾಳಿ ಹೊರಗೆ ತಳ್ಳುವ ಹಾಗೆ. ನೀನು ತರಿಸಿದ ಮೂರರಲ್ಲಿ ಎರಡು ಇಲ್ಲಿಗೆ ಆಯಿತು. ಗಾಳಿ ಒಳಗೆ ಬರುವ ದಾರಿ ಮುಂದೆ, ಕೆಳಗಡೆ. ಒಂದಡಿ ಉದ್ದ, ನಾಲ್ಕಿಂಚು ಎತ್ತರ ಕೊಯ್ದರೆ ಆ ಎರಡು ಫ್ಯಾನಿನ ಬಾಯಿಗೆ ಸಮ. ಆದರೆ ಹಲ್ಲಿ, ಇರುವೆಗೆ ಜಾಲರಿ ಹೊಡೆಯಲೇಬೇಕಲ್ಲ, ಜಾಲರಿ ಗಾಳಿಯನ್ನು ತಡೆಯುತ್ತದೆ. ಆದ್ದರಿಂದ ಆರಿಂಚು ಕೊಯ್ಯಿಸು. ಮೇಜು ಗೋಡೆಯಿಂದ ನಾಲ್ಕಿಂಚು ಈಚೆ ಬರಲಿ. ಮಳೆಗಾಲದಲ್ಲಿ ನಿಮ್ಮ ಆ ಪಡುವಣ ಗೋಡೆ ಒಸರುತ್ತದೆ, ಅದಕ್ಕೂ ಒಳ್ಳೆಯದು. ಯುಪಿಎಸ್ಸನ್ನು ಮಾತ್ರ ಕಪಾಟಿನಿಂದ ಈಗಲೇ ಹೊರಗೆ ಇಡು. ಬಿಸಿಯಲ್ಲಿ ಅದರ ಬ್ಯಾಟರಿಯ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ, ನಮ್ಮೂರಿನಲ್ಲಿ ಜುಲೈ ತಿಂಗಳಲ್ಲಿ ಯುಪಿಎಸ್ ಇಲ್ಲದೆ ಆಗುತ್ತದೆಯೇ?

ವಾಟರ್ ಕೂಲರ್ ಬೇಡ. ನೀರು ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಒಯ್ಯುತ್ತದೆ, ರೇಡಿಯೇಟರೂ ಅದೇ ಕಪಾಟಿನಲ್ಲಿ ಕೂತಿದ್ದರೆ ಏನು ಬಂತು?

ತೂತು ಮಾಡಿದರೆ ಥಂಡಿ ಒಳಗೆ ಹೋಗುತ್ತದೆ ಎಂಬುದು ನಿಮ್ಮಮ್ಮನ ಭಯ. ಹನಿ ಕಟ್ಟುವುದು ತಣ್ಣಗಿರುವ ವಸ್ತುವಿನ ಮೇಲೆ. ಓಡುವ ಕಂಪ್ಯೂಟರ್ ಕೋಣೆಗಿಂತ ಬೆಚ್ಚಗಿರುತ್ತದೆ, ಅದಕ್ಕೆ ಭಯವಿಲ್ಲ. ಪರೀಕ್ಷೆ ಅಂತ ತಿಂಗಳುಗಟ್ಟಲೆ ಮುಚ್ಚಿಟ್ಟಾಗಲೇ ಬೂಷ್ಟು ಬರುವುದು. ಓದಿನ ದಿನಗಳಲ್ಲೂ ಎರಡು ದಿನಕ್ಕೊಮ್ಮೆ ಒಂದು ಗಂಟೆ ಹಾಕಿಡು. (ಹಾಕಿಡು ಅಂದೆ, ಆಡು ಅನ್ನಲಿಲ್ಲ.) ಡಿಸೆಂಬರ್ ಕಳೆದು ಕಣದಲ್ಲಿ ಕಾಫಿ ಒಣಗುವಾಗ ಧೂಳು ಜಾಲರಿಗೆ ಕಂಬಳಿಯ ಹಾಗೆ ಕೂರುತ್ತದೆ. ಪೇಂಟ್ ಬ್ರಷ್ಷಿನಿಂದ ವಾರಕ್ಕೊಮ್ಮೆ ಒರೆಸು. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆಯನ್ನು ಬೆರಳಲ್ಲಿ ತಡೆದುಕೊ, ಸುಮ್ಮನೆ ಗಿರ್ರನೆ ತಿರುಗಿಸಿದರೆ ಬೇರಿಂಗ್ ಹಾಳು.

ಇನ್ನೊಂದು, ಕಾಸಿಲ್ಲದ ಉಪಾಯ. ನಿನ್ನ ಮಾನಿಟರ್ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುವುದು. ಕಾರ್ಡ್ 140 ಬಿಡಿಸಿ ಬಿಸಿ ಕಾರುವುದು ಯಾರ ಉದ್ಧಾರಕ್ಕೆ? ಆಟದ ಸೆಟ್ಟಿಂಗಿನಲ್ಲಿ ಮಿತಿ ಹಾಕು. ಕರೆಂಟು, ಬಿಸಿ, ಸದ್ದು ಮೂರೂ ಇಳಿಯುತ್ತವೆ.

ನನ್ನ ಮಾತು ನಂಬಬೇಡ, ನೀನೇ ನೋಡು. ಬಾಗಿಲು ಮುಚ್ಚಿ ಅರ್ಧ ಗಂಟೆ ಆಡು, ಉಷ್ಣ ಬರೆದುಕೊ. ತೆಗೆದು ಅರ್ಧ ಗಂಟೆ ಆಡು, ಮತ್ತೆ ಬರೆ. ಐದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ತಪ್ಪು ಕಪಾಟಿನದು, ಕಂಪ್ಯೂಟರಿನದಲ್ಲ.

ಆಚಾರಿಗೆ ಬರುವ ಭಾನುವಾರ ಬಿಡುವಂತೆ, ಕೇಳಿದ್ದೇನೆ. ಅಳತೆ ಬರೆದಿಟ್ಟಿರು, ಅಲ್ಲಿಯವರೆಗೆ, ಈ ಪರೀಕ್ಷೆಯ ಅರ್ಧ ಗಂಟೆ ಬಿಟ್ಟರೆ, ಆಡುವಾಗ ಬಾಗಿಲು ತೆರೆದೇ ಇರಲಿ. ಬೆಕ್ಕನ್ನು ನಾನು ಹಿಡಿದುಕೊಳ್ಳುತ್ತೇನೆ.

ಇಂತಿ,
ನಿನ್ನ ಅಜ್ಜ